ಮಗಳ ಅಕ್ಷರಾಭ್ಯಾಸಕ್ಕೆ ಶೃಂಗೇರಿಗೆ ಹೊರಟಿದ್ದೇವೆ: ಅರ್ಧ ದಿನ ಸಾಕಾ?

ಪುಟ್ಟಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರನೇ ವರ್ಷ ನಡೆಯುತ್ತಿದೆ. ಅಕ್ಷರಾಭ್ಯಾಸ ಶೃಂಗೇರಿಯಲ್ಲೇ ಆಗಬೇಕು ಅಂತ ಅತ್ತೆಯವರ ಆಸೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟು, ಬೆಳಗ್ಗೆ ಅಕ್ಷರಾಭ್ಯಾಸ ಮುಗಿಸಿ, ಮಧ್ಯಾಹ್ನ ಊಟ ಮಾಡಿ ಹೊರನಾಡಿಗೆ, ಅಲ್ಲಿಂದ ಧರ್ಮಸ್ಥಳಕ್ಕೆ ಹೋಗುವುದು ಅಂತ ಯಜಮಾನರು ಲೆಕ್ಕ ಹಾಕಿದ್ದಾರೆ. ಮಾವನವರಿಗೆ ಮಂಡಿ ನೋವು ಇದೆ, ಜಾಸ್ತಿ ನಡೆಯಲು ಆಗುವುದಿಲ್ಲ. ಶೃಂಗೇರಿಗೆ ಅರ್ಧ ದಿನ ಸಾಕಾ? ಬಟ್ಟೆ ಏನು ಹಾಕಿಕೊಳ್ಳಬೇಕು? ಶಾರದಾಂಬೆಯ ದರ್ಶನ ಬಿಟ್ಟರೆ ಅಲ್ಲಿ ನೋಡಲೇಬೇಕಾದ್ದು ಏನಿದೆ? ಹೋಗಿ ಬಂದವರು ದಯವಿಟ್ಟು ಹೇಳಿ.

ತುಂಗಾ_ದಡ

ಅಕ್ಕಾ, ನಾನು ಶೃಂಗೇರಿ ಸೀಮೆಯವನು. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊರನಾಡು, ಧರ್ಮಸ್ಥಳ ಎರಡನ್ನೂ ಈ ಸಲ ಬಿಟ್ಟುಬಿಡಿ. ಒಂದು ರಾತ್ರಿ ಶೃಂಗೇರಿಯಲ್ಲೇ ಉಳಿಯಿರಿ.

ಒಂದೇ ದಿನದಲ್ಲಿ ಮೂರು ಕ್ಷೇತ್ರ ಮುಗಿಸುವ ಬಸ್ಸುಗಳು ದಿನಾ ಬರುತ್ತವೆ. ಜನ ಇಳಿಯುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಅಮ್ಮನವರ ಮುಖ ಅರೆಗಳಿಗೆ ನೋಡುತ್ತಾರೆ, ತುಂಗಾ ಹೊಳೆಯ ಮೀನು ನೋಡಿ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಪಕ್ಕದಲ್ಲೇ ಇರುವ ವಿದ್ಯಾಶಂಕರ ದೇವಸ್ಥಾನದ ಸುತ್ತ ಒಂದು ಸುತ್ತೂ ಬಂದಿರುವುದಿಲ್ಲ. ಹೊಳೆ ಆಚೆಗಿನ ನರಸಿಂಹವನಕ್ಕೆ ಕಾಲಿಟ್ಟಿರುವುದಿಲ್ಲ. ನೋಡಿದಾಗ ಸಂಕಟವಾಗುತ್ತದೆ. ಶಾರದೆ ಇಲ್ಲಿ ವಿದ್ಯೆಯ ದೇವತೆ. ವಿದ್ಯೆಗೆ ಅವಸರ ಆಗಿಬರುವುದಿಲ್ಲ, ಅಲ್ವಾ?

ಅಕ್ಷರಾಭ್ಯಾಸದ ದಿನ ಮಗುವಿನ ಕೈಯಲ್ಲಿ ಮೊದಲ ಅಕ್ಷರ ಬರೆಸುತ್ತೀರಿ. ಮಗುವಿಗೆ ಅದು ಹೊಸ ಜಾಗ, ಹೊಸ ಜನ, ಮಂತ್ರದ ಸದ್ದು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ ಬಂದ ಮಗು ಅಳುತ್ತಾ ಕೈ ಎಳೆದುಕೊಳ್ಳುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಬಂದುಬಿಡಿ. ಸಂಜೆ ಹೊಳೆ ತೋರಿಸಿ, ದೇವಸ್ಥಾನದ ಅಂಗಳದಲ್ಲಿ ಓಡಾಡಲು ಬಿಡಿ. ಜಾಗ ಪರಿಚಯವಾಗಿರುತ್ತದೆ. ಬೆಳಗ್ಗೆ ನಗುತ್ತಾ ಕೂರುತ್ತದೆ.

ಚಿಕ್ಕಮಗಳೂರು_ಕಾಫಿ

ಬಟ್ಟೆಯ ಬಗ್ಗೆ: ಗಂಡಸರಿಗೆ ಪಂಚೆ, ಶಲ್ಯ. ಹೆಂಗಸರಿಗೆ ಸೀರೆ, ಇಲ್ಲವೇ ದುಪಟ್ಟಾ ಇರುವ ಚೂಡಿದಾರ. ಸೇವೆಗೆ ಕೂರುವಾಗ, ಗುರುಗಳ ದರ್ಶನಕ್ಕೆ ಹೋಗುವಾಗ ಇದು ಬೇಕೇ ಬೇಕು. ಜೀನ್ಸ್ ಹಾಕಿಕೊಂಡು ಬಂದು ಅಲ್ಲಿ ಪಂಚೆ ಹುಡುಕುವ ಬದಲು ಮನೆಯಿಂದಲೇ ತನ್ನಿ. ದೇವಸ್ಥಾನ ಮಧ್ಯಾಹ್ನ 2ರಿಂದ 4ರವರೆಗೆ ಮುಚ್ಚಿರುತ್ತದೆ. ಅಕ್ಷರಾಭ್ಯಾಸದ ಚೀಟಿ ಸೇವಾ ಕೌಂಟರಿನಲ್ಲಿ ಸಿಗುತ್ತದೆ. ಹೊತ್ತು ಯಾವುದು ಅಂತ ಹಿಂದಿನ ಸಂಜೆಯೇ ಅಲ್ಲಿ ಕೇಳಿಕೊಳ್ಳಿ.

ಕಲ್ಲು_ಉಳಿ

ತುಂಗಾ_ದಡ ಅವರು ವಿದ್ಯಾಶಂಕರ ದೇವಸ್ಥಾನದ ಹೆಸರು ಹೇಳಿ ಸುಮ್ಮನಾಗಿದ್ದಾರೆ. ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನನ್ನು ಕೇಳಿದರೆ ಶೃಂಗೇರಿಯಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದೇ.

ಶಾರದಾಂಬೆಯ ಈಗಿನ ಗುಡಿ ಅಷ್ಟು ಹಳೆಯದಲ್ಲ. ಮೊದಲು ಇದ್ದದ್ದು ಮರದ, ಹೆಂಚಿನ ಮಾಡು. ಈಗ ಕಾಣುವ ಗ್ರಾನೈಟ್ ಕಟ್ಟಡಕ್ಕೆ ಕುಂಭಾಭಿಷೇಕ ಆದದ್ದು 1916ರಲ್ಲಿ. ಹೊರಗಿನ 127 ಅಡಿಯ ರಾಜಗೋಪುರ ಇನ್ನೂ ಹೊಸದು, 2014ರದ್ದು. ಆದರೆ ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು. ವಿಜಯನಗರ ಕಣ್ಣು ಬಿಡುತ್ತಿದ್ದ ಕಾಲ. ಪೀಠದ ಗುರುಗಳಾಗಿದ್ದ ವಿದ್ಯಾತೀರ್ಥರ ಸಮಾಧಿಯ ಮೇಲೆ ಕಟ್ಟಿದ್ದು ಅಂತ ಮಠದ ಪರಂಪರೆ ಹೇಳುತ್ತದೆ.

ದೂರದಿಂದ ನೋಡಿದ ಕೂಡಲೇ ಅದರ ಆಕಾರವೇ ಬೇರೆ ಅಂತ ಗೊತ್ತಾಗುತ್ತದೆ. ಚೌಕ ಅಲ್ಲ. ಮುಂದೆಯೂ ಹಿಂದೆಯೂ ದುಂಡಗೆ ಬಾಗಿದೆ. ಎತ್ತರದ ಜಗತಿಯ, ಅಂದರೆ ಕಲ್ಲಿನ ಕಟ್ಟೆಯ ಮೇಲೆ ನಿಂತಿದೆ. ಆರು ಬಾಗಿಲು. ಗೋಡೆಯ ಸುತ್ತ ಸಾಲು ಸಾಲು ದೇವತೆಗಳು, ಕೆಳಗಿನ ಪಟ್ಟಿಯಲ್ಲಿ ಆನೆ, ಕುದುರೆ. ಹೊಯ್ಸಳರ ಕೆತ್ತನೆಯ ಚಟ, ದ್ರಾವಿಡ ಕಟ್ಟಡದ ಗಟ್ಟಿತನ ಎರಡೂ ಒಂದೇ ಕಡೆ ಸಿಗುವುದು ಅಪರೂಪ.

ಒಳಗಿನ ಮಂಟಪದಲ್ಲಿ 12 ಕಂಬಗಳಿವೆ. ಒಂದೊಂದರ ಮೇಲೆ ಒಂದೊಂದು ರಾಶಿ. ಸೂರ್ಯ ಯಾವ ರಾಶಿಯಲ್ಲಿ ಇರುತ್ತಾನೋ ಆ ತಿಂಗಳು ಬೆಳಗಿನ ಬಿಸಿಲು ಆ ಕಂಬದ ಮೇಲೆ ಬೀಳುವ ಹಾಗೆ ಜೋಡಿಸಿದ್ದಾರೆ ಅಂತ ಹೇಳುತ್ತಾರೆ. ಕಂಬಗಳಲ್ಲಿ ಯಾಳಿಗಳಿವೆ, ಅಂದರೆ ಸಿಂಹದಂಥ ಕಲ್ಪನೆಯ ಪ್ರಾಣಿಗಳು, ಅವುಗಳ ಬಾಯಲ್ಲಿ ಕಲ್ಲಿನ ಗುಂಡು. ಗುಂಡು ಒಳಗೇ ಉರುಳುತ್ತದೆ, ಹೊರಗೆ ಬರುವುದಿಲ್ಲ. ಹೊರಗಿನಿಂದ ತಂದು ಇಟ್ಟದ್ದಲ್ಲ, ಒಂದೇ ಕಲ್ಲಿನಲ್ಲಿ ಬಾಯೊಳಗೇ ಬಿಡಿಸಿ ಕಡೆದದ್ದು. ಇದನ್ನು ಮಕ್ಕಳಿಗೆ ತೋರಿಸಿ "ಇದು ಒಳಗೆ ಹೇಗೆ ಹೋಯಿತು?" ಅಂತ ಕೇಳಿ. ಉತ್ತರ ತಕ್ಷಣ ಹೇಳಬೇಡಿ.

ಗರ್ಭಗುಡಿಯಲ್ಲಿ ವಿದ್ಯಾಶಂಕರ ಲಿಂಗ. ಸುತ್ತ ಬ್ರಹ್ಮ, ವಿಷ್ಣು, ಮಹೇಶ್ವರರು ತಮ್ಮ ಶಕ್ತಿಯರ ಜೊತೆ ಇದ್ದಾರೆ. ವಿದ್ಯಾಗಣಪತಿ, ದುರ್ಗೆಯೂ ಇದ್ದಾರೆ. ಒಳಗೆ ಬೆಳಕು ಕಡಿಮೆ. ಕಣ್ಣು ಹೊಂದಿಕೊಳ್ಳುವವರೆಗೆ ನಿಂತು ಕಾಯಿರಿ.

ಪುಟ್ಟಿ_ಅಮ್ಮ

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಯಜಮಾನರಿಗೆ ಓದಿ ಹೇಳಿದೆ. ಹೊರನಾಡು ಬಿಡಲು ಇನ್ನೂ ಮನಸ್ಸಿಲ್ಲ ಅವರಿಗೆ.

ಪರೀಕ್ಷೆ_ಭಯ

ಇಲ್ಲೇ ಕೇಳಬಹುದಾ? ನಾನು ದ್ವಿತೀಯ ಪಿಯುಸಿ. ಅಮ್ಮ ಪರೀಕ್ಷೆಗೆ ಮುಂಚೆ ಶೃಂಗೇರಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾರೆ. ಪೆನ್ನು, ಹಾಲ್ ಟಿಕೆಟ್ ದೇವರ ಮುಂದೆ ಇಟ್ಟರೆ ಒಳ್ಳೆಯದಾ? ಎರಡು ದಿನದ ಓದು ಹೋಗುತ್ತದೆ ಅಂತ ನನಗೆ ಭಯ.

ತುಂಗಾ_ದಡ

ಪುಟ್ಟಾ, ಮೊದಲು ಪರೀಕ್ಷೆ ಬರೆ. ಆಮೇಲೆ ಬಾ, ನಿಧಾನವಾಗಿ ಬಾ. ಅಮ್ಮನಿಗೆ ನಾನೇ ಹೇಳಿದೆ ಅಂತ ಹೇಳು. ಶಾರದೆ ಎಲ್ಲಿಗೂ ಹೋಗುವುದಿಲ್ಲ.

ಪೆನ್ನು ಇಟ್ಟು ನಮಸ್ಕಾರ ಮಾಡುವುದರಲ್ಲಿ ತಪ್ಪೇನಿಲ್ಲ. ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಈ ಜಾಗದ ಕಥೆ ಗೊತ್ತಿದ್ದರೆ ಬೇಡುವುದೂ ಬೇರೆ ರೀತಿ ಆಗುತ್ತದೆ ಅಂತ ನನ್ನ ನಂಬಿಕೆ. ಕೇಳು.

ಶಂಕರಾಚಾರ್ಯರು ಮಂಡನ ಮಿಶ್ರರ ಮನೆಗೆ ವಾದಕ್ಕೆ ಹೋದರು. ಇಬ್ಬರ ನಡುವೆ ತೀರ್ಪು ಹೇಳಲು ಕೂತವಳು ಮಂಡನರ ಹೆಂಡತಿ ಉಭಯಭಾರತಿ. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುತ್ತದೋ ಅವರು ಸೋತಂತೆ ಅಂದಳು. ದಿನಗಟ್ಟಲೆ ವಾದ ನಡೆಯಿತು. ಬಾಡಿದ್ದು ಗಂಡನ ಮಾಲೆ. ಅವಳು ಅದನ್ನು ಅಡಗಿಸಲಿಲ್ಲ, ಗಂಡ ಸೋತ ಅಂತ ಎಲ್ಲರ ಮುಂದೆ ಹೇಳಿದಳು. ಅಲ್ಲಿಗೆ ಬಿಡಲೂ ಇಲ್ಲ. ಹೆಂಡತಿ ಅರ್ಧಾಂಗಿ, ನನ್ನನ್ನೂ ಗೆದ್ದರೆ ಮಾತ್ರ ಗೆಲುವು ಪೂರ್ತಿ ಅಂತ ಶಂಕರರನ್ನೇ ಪ್ರಶ್ನೆ ಕೇಳಲು ಕೂತಳು. ಮಂಡನರು ಸನ್ಯಾಸ ತೆಗೆದುಕೊಂಡು ಸುರೇಶ್ವರಾಚಾರ್ಯರಾದರು. ಶೃಂಗೇರಿ ಪೀಠದ ಮೊದಲ ಗುರುಗಳು ಅವರೇ ಅಂತ ಪರಂಪರೆ. ಎದುರು ಕೂತು ವಾದ ಮಾಡಿದವನನ್ನೇ ಪೀಠದಲ್ಲಿ ಕೂರಿಸಿದರು ನೋಡು!

ಉಭಯಭಾರತಿ ಸರಸ್ವತಿಯ ಅವತಾರ ಅಂತ ನಂಬಿಕೆ. ನಿನ್ನ ಹಿಂದೆ ಬರುತ್ತೇನೆ, ಆದರೆ ನೀನು ತಿರುಗಿ ನೋಡಬಾರದು ಅಂತ ಷರತ್ತು ಹಾಕಿ ಶಂಕರರ ಜೊತೆ ಹೊರಟಳಂತೆ. ತುಂಗೆಯ ಮರಳಿನಲ್ಲಿ ಗೆಜ್ಜೆಯ ಸದ್ದು ನಿಂತಿತು. ಶಂಕರರು ತಿರುಗಿ ನೋಡಿದರು. ಅವಳು ಅಲ್ಲೇ ನಿಂತಳು.

ನಮ್ಮ ಊರಿನ ಅಜ್ಜಿಯರು ಹೇಳುವ ಕಥೆ ಇದು. ಅಂದರೆ ಇಲ್ಲಿ ನೆಲೆಸಿರುವವಳು ತನ್ನ ಗಂಡನಿಗೂ ಮುಲಾಜು ನೋಡದೆ ತೀರ್ಪು ಕೊಟ್ಟವಳು, ಗೆದ್ದವನಿಗೂ ಪ್ರಶ್ನೆ ಹಾಕಿದವಳು. ಅವಳ ಮುಂದೆ ಇಷ್ಟು ಅಂಕ ಕೊಡಿಸು ಅಂತ ಕೇಳುವುದಕ್ಕಿಂತ, ಅರ್ಥವಾಗುವವರೆಗೆ ಕೇಳುವ ಧೈರ್ಯ ಕೊಡು ಅಂತ ಕೇಳಿಕೊ.

ಪರೀಕ್ಷೆ_ಭಯ

ಧನ್ಯವಾದ ಸರ್. ಅಮ್ಮನಿಗೆ ಓದಿಸಿದೆ. ಪರೀಕ್ಷೆ ಮುಗಿದ ಮೇಲೆ ಹೋಗೋಣ ಅಂದರು.

ವೀಣೆ_ತಂತಿ

ಒಂದು ವಿಷಯ ಗಮನಿಸಿ. ನಾವು ಕ್ಯಾಲೆಂಡರಿನಲ್ಲಿ ನೋಡುವ ಸರಸ್ವತಿಯ ಕೈಯಲ್ಲಿ ವೀಣೆ ಇರುತ್ತದೆ. ಶೃಂಗೇರಿಯ ಶಾರದಾಂಬೆ ಹಾಗಲ್ಲ. ಕೂತ ಭಂಗಿ. ಕೈಗಳಲ್ಲಿ ಜಪಮಾಲೆ, ಪುಸ್ತಕ, ಅಮೃತ ಕಲಶ, ಇನ್ನೊಂದು ಕೈ ಚಿನ್ಮುದ್ರೆ. ಹೂವಿನ ಅಲಂಕಾರ ಜಾಸ್ತಿ ಇದ್ದಾಗ ಕಾಣುವುದು ಕಷ್ಟ, ಅದಕ್ಕೇ ಮೊದಲೇ ತಿಳಿದುಕೊಂಡು ಹೋದರೆ ಒಳ್ಳೆಯದು. ಶಂಕರರು ಮೊದಲು ಬಂಡೆಯ ಮೇಲೆ ಶ್ರೀಚಕ್ರ ಬರೆದು ಗಂಧದ ಮರದ ಮೂರ್ತಿ ಇಟ್ಟರು, ಈಗಿನ ಚಿನ್ನದ ಮೂರ್ತಿ ವಿದ್ಯಾರಣ್ಯರ ಕಾಲದಲ್ಲಿ ಬಂದದ್ದು ಅಂತ ಮಠದವರು ಹೇಳುತ್ತಾರೆ.

ನವರಾತ್ರಿಯಲ್ಲಿ ಬಂದರೆ ಬೇರೆಯೇ ಸೊಬಗು. ಹಿಂದಿನ ಅಮಾವಾಸ್ಯೆಯ ದಿನ ಜಗತ್ಪ್ರಸೂತಿಕಾ ಅಲಂಕಾರ, ಅಂದರೆ ಮಗುವನ್ನು ಎತ್ತಿಕೊಂಡ ತಾಯಿ. ಆಮೇಲೆ ದಿನಕ್ಕೊಂದು ಅಲಂಕಾರ. ಹಂಸದ ಮೇಲೆ, ನವಿಲಿನ ಮೇಲೆ, ಗರುಡನ ಮೇಲೆ. ಒಂದು ದಿನ ವೀಣಾಶಾರದೆ. ಸಂಜೆ ಜಗದ್ಗುರುಗಳ ದರ್ಬಾರು. ಜನ ಮಾತ್ರ ತುಂಬಾ. ಚಿಕ್ಕ ಮಗು, ಮಂಡಿ ನೋವಿನ ಹಿರಿಯರು ಇದ್ದರೆ ಆ ಹೊತ್ತು ಬೇಡ.

ಹಾಸನದ_ಗಾಡಿ

ಎಲ್ಲರೂ ಒಂದು ದಿನ ಉಳಿಯಿರಿ ಅಂತ ಹೇಳುತ್ತಿದ್ದೀರಿ. ಒಪ್ಪಲು ಕಷ್ಟ. ನಾನು ಟೂರಿಸ್ಟ್ ಗಾಡಿ ಓಡಿಸುವವನು. ಕೂಲಿ ಮಾಡುವ ಜನ ವರ್ಷಕ್ಕೆ ಒಂದು ಸಲ ರಜೆ ಹಾಕಿ, ದುಡ್ಡು ಕೂಡಿಸಿ, ಹತ್ತು ಜನ ಸೇರಿ ಬರುತ್ತಾರೆ. ಅವರಿಗೆ ಸಿಗುವುದೇ ಎರಡು ದಿನ. ನಾಲ್ಕು ದೇವರು ನೋಡಬೇಕು ಅಂತ ಆಸೆ ಇರುತ್ತದೆ. ಸಾಲಿನಲ್ಲಿ ನಿಂತು ಅಮ್ಮನ ಮುಖ ಒಂದು ಗಳಿಗೆ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡು ಬರುವವರನ್ನು ನಾನು ದಿನಾ ನೋಡುತ್ತೇನೆ. ಅವರ ಭಕ್ತಿ ಕಡಿಮೆಯೇ?

ತುಂಗಾ_ದಡ

ಅಣ್ಣಾ, ಖಂಡಿತ ಕಡಿಮೆ ಅಲ್ಲ. ನಿಮ್ಮ ಮಾತು ನಿಜ. ರಜೆ ಇಲ್ಲದವರಿಗೆ, ದುಡ್ಡು ಇಲ್ಲದವರಿಗೆ ಉಳಿಯಿರಿ ಅನ್ನುವುದು ನ್ಯಾಯವಲ್ಲ. ಈ ಅಕ್ಕನಿಗೆ ಎರಡು ದಿನ ಇದೆ, ಮಗಳ ಮೊದಲ ಅಕ್ಷರಕ್ಕೇ ಬರುತ್ತಿದ್ದಾರೆ. ಅದಕ್ಕೇ ಇಷ್ಟು ಒತ್ತಿ ಹೇಳಿದೆ.

ನಿಮ್ಮ ಗಾಡಿಯಲ್ಲಿ ಬರುವವರಿಗೆ ಒಂದು ಉಪಕಾರ ಮಾಡಿ. ಶಾರದಾಂಬೆಯ ಗುಡಿಯಿಂದ ಹೊರಗೆ ಬಂದ ಮೇಲೆ ವಿದ್ಯಾಶಂಕರ ದೇವಸ್ಥಾನದ ಸುತ್ತ ಒಂದು ಸುತ್ತು ಹಾಕಿಸಿ. ಆಮೇಲೆ ಮೆಟ್ಟಿಲು ಇಳಿದು ಹೊಳೆ ದಡದ ಕಪ್ಪೆ ಶಂಕರ ಅನ್ನುವ ಕಲ್ಲಿನ ಕೆತ್ತನೆ ತೋರಿಸಿ. ಸುಡು ಬಿಸಿಲಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟಿತು, ಹುಟ್ಟು ಹಗೆಗಳೇ ಹಗೆ ಬಿಟ್ಟ ಜಾಗ ಅಂತ ಶಂಕರರು ಇಲ್ಲೇ ಪೀಠ ಮಾಡಿದರು ಅನ್ನುವುದು ಪ್ರತೀತಿ. ಎಷ್ಟೋ ಜನ ಮೀನು ನೋಡುವ ಗಡಿಬಿಡಿಯಲ್ಲಿ ಅದನ್ನು ದಾಟಿಯೇ ಹೋಗುತ್ತಾರೆ.

ಹಾಸನದ_ಗಾಡಿ

ಆಯಿತು, ಇದು ಮಾಡಬಹುದು. ಮುಂದಿನ ಸಲದಿಂದ ಹೇಳುತ್ತೇನೆ. ಊಟದ ಬಗ್ಗೆ ಯಾರೂ ಹೇಳಲಿಲ್ಲ. ಮಠದ ಭೋಜನ ಶಾಲೆಯಲ್ಲಿ ಎಲ್ಲರಿಗೂ ಊಟ ಇದೆ, ದುಡ್ಡಿಲ್ಲ. ನೆಲದ ಮೇಲೆ ಪಂಕ್ತಿಯಲ್ಲಿ ಕೂರಬೇಕು. ಮಂಡಿ ನೋವಿನವರು ಬಡಿಸುವವರಿಗೆ ಮೊದಲೇ ಹೇಳಿ.

ಗದಗ_ಮಣ್ಣು

ನಾನು ಬ್ಯಾರೆ ದಿಕ್ಕಿನಿಂದ ಒಂದು ಮಾತು ಸೇರಿಸುತ್ತೇನೆ. ಕನ್ನಡ ನಾಡಿನಲ್ಲಿ ವಿದ್ಯಾದೇವತೆಯ ಗುಡಿ ಅಂದರೆ ಎಲ್ಲರ ಬಾಯಲ್ಲೂ ಶೃಂಗೇರಿ. ನಮ್ಮ ಗದಗಿನಲ್ಲೂ ಒಂದಿದೆ, ನೋಡ್ರಿ. ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿ ಸರಸ್ವತಿ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಕಂಬಗಳನ್ನು ನೋಡಿದರೆ ಕಲ್ಲಿನಲ್ಲಿ ಮಾಡಿದ್ದು ಅಂತ ನಂಬುವುದೇ ಕಷ್ಟ. ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಒಳಗಿನ ಸರಸ್ವತಿಯ ಮೂರ್ತಿ ಒಡೆದುಹೋಗಿದೆ. ಆದರೂ ಕೂತ ಗತ್ತು, ಒಡವೆಯ ಕುಸುರಿ ಉಳಿದಿವೆ. ಶೃಂಗೇರಿಯ ಹಾಗೆ ಸಾಲು ಇಲ್ಲ, ಗದ್ದಲ ಇಲ್ಲ.

ಅದೇ ಊರಿನ ವೀರನಾರಾಯಣ ಗುಡಿಯ ಕಂಬದ ಹತ್ತಿರ ಕೂತೇ ಕುಮಾರವ್ಯಾಸ ಭಾರತ ಬರೆದ ಅಂತ ನಮ್ಮ ಕಡೆ ನಂಬಿಕೆ. ಆ ಕಂಬ ಈಗಲೂ ತೋರಿಸುತ್ತಾರೆ. ಅಕ್ಷರದ ದೇವಿಯ ಗುಡಿ, ಅಕ್ಷರ ಬರೆದವನ ಗುಡಿ, ಎರಡೂ ಒಂದೇ ಊರಿನಲ್ಲಿ. ಮಗಳು ಸ್ವಲ್ಪ ದೊಡ್ಡವಳಾಗಿ ಓದಲು ಕಲಿತ ಮೇಲೆ ಕರಕೊಂಡು ಬನ್ರಿ.

ಹಳೆ_ಕಡತ

ಶೃಂಗೇರಿಯ ಇತಿಹಾಸದ ಎರಡು ವಿಷಯ ಹೇಳುತ್ತೇನೆ. 1346ರಲ್ಲಿ ಹರಿಹರ, ಬುಕ್ಕ ಮತ್ತು ಅವರ ತಮ್ಮಂದಿರು ಶೃಂಗೇರಿಗೆ ಬಂದು ವಿಜಯೋತ್ಸವ ಮಾಡಿ ಆಗಿನ ಗುರುಗಳಾದ ಭಾರತೀತೀರ್ಥರಿಗೆ ಭೂಮಿ ದತ್ತಿ ಕೊಟ್ಟರು. ಶಾಸನ ಶೃಂಗೇರಿಯಲ್ಲೇ ಇದೆ. ಇನ್ನೊಂದು 1791ರದ್ದು. ಮೈಸೂರಿನ ಮೇಲೆ ದಂಡೆತ್ತಿ ಬಂದ ಮರಾಠರ ಸೇನೆಯ ಒಂದು ದಂಡು ಮಠವನ್ನು ಲೂಟಿ ಮಾಡಿತು. ಶಾರದೆಯ ಮೂರ್ತಿಗೂ ಧಕ್ಕೆಯಾಯಿತು. ಆಗ ಟಿಪ್ಪು ಸುಲ್ತಾನ್ ಮಠದ ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಮತ್ತೆ ಪ್ರತಿಷ್ಠೆ ಮಾಡಲು ನೆರವು ಕೊಟ್ಟ. ಆ ಪತ್ರಗಳ ಕಟ್ಟು 1916ರಲ್ಲಿ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ಸಿಕ್ಕಿತು. ಗುಡಿ ಹೊಸದಾಗಿ ಎದ್ದ ವರ್ಷವೇ ಹಳೆಯ ಕಾಗದವೂ ಬೆಳಕಿಗೆ ಬಂತು.

ಊರಿನ ಒಳಗೆ 12ನೇ ಶತಮಾನದ ಪಾರ್ಶ್ವನಾಥ ಬಸದಿ ಇದೆ. ಬಹಳ ಜನಕ್ಕೆ ಗೊತ್ತಿಲ್ಲ. ಸಮಯ ಇದ್ದರೆ ನೋಡಿ.

ವೀಣೆ_ತಂತಿ

ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಮಕ್ಕಳಿಗೆ ಕಲಿಸುವ ಶ್ಲೋಕದಲ್ಲಿ ಶಾರದೆಯನ್ನು ಕಾಶ್ಮೀರಪುರದಲ್ಲಿ ವಾಸಿಸುವವಳು ಅಂತ ಕರೆಯುತ್ತೇವೆ. ಆ ಹಳೆಯ ಶಾರದಾ ಪೀಠ ಕಿಶನ್‌ಗಂಗಾ ಕಣಿವೆಯಲ್ಲಿ, ಗಡಿ ನಿಯಂತ್ರಣ ರೇಖೆಯ ಆಚೆ ಪಾಳುಬಿದ್ದಿದೆ. ಈಚೆ ದಡದ ತೀತ್ವಾಲ್‌ನಲ್ಲಿ 2023ರ ಮಾರ್ಚಿನಲ್ಲಿ ಹೊಸ ಶಾರದಾ ಗುಡಿ ತೆರೆಯಿತು. ಅಲ್ಲಿನ ಪಂಚಲೋಹದ ಮೂರ್ತಿ ಹೋದದ್ದು ಶೃಂಗೇರಿಯಿಂದಲೇ.

ಮಳೆ_ಮಲೆ

ಯಾವ ತಿಂಗಳು ಹೋಗುತ್ತೀರಿ ಅಂತ ಹೇಳಲೇ ಇಲ್ಲ. ಜುಲೈ, ಆಗಸ್ಟ್ ಆದರೆ ಹುಷಾರು. ತುಂಗೆ ತುಂಬಿದರೆ ಕಪ್ಪೆ ಶಂಕರ ಮುಳುಗುತ್ತದೆ, ಗಾಂಧಿ ಮೈದಾನಕ್ಕೂ ನೀರು ನುಗ್ಗುತ್ತದೆ. ಗಾಡಿ ನಿಲ್ಲಿಸುವುದು ಅಲ್ಲೇ. ಮೆಟ್ಟಿಲ ಹತ್ತಿರ ಮಗುವನ್ನು ಬಿಡಲೇಬೇಡಿ.

ಎರಡನೇ ದಿನ ಹೊತ್ತು ಉಳಿದರೆ ಕಿಗ್ಗ. ಸುಮಾರು 10 ಕಿ.ಮೀ. ಋಷ್ಯಶೃಂಗೇಶ್ವರ ದೇವಸ್ಥಾನ. ಮಳೆ ಬರದಿದ್ದರೆ ಮಳೆ ಬೇಡಲು, ಮಳೆ ಜಾಸ್ತಿಯಾದರೆ ನಿಲ್ಲಿಸು ಅಂತ ಬೇಡಲು ಜನ ಅಲ್ಲಿಗೇ ಹೋಗುತ್ತಾರೆ. ಅಲ್ಲಿಂದ ಮುಂದೆ ಸಿರಿಮನೆ ಜಲಪಾತ. ಮೆಟ್ಟಿಲು ಇಳಿಯಬೇಕು, ಉಂಬಳದ (ಜಿಗಣೆ) ಕಾಟ ಇದೆ. ಮಾವನವರಿಗೆ ಆಗುವುದಿಲ್ಲ.

ಪುಟ್ಟಿ_ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಮನೆಯಲ್ಲಿ ಕೂತು ಮಾತಾಡಿದೆವು. ಉಭಯಭಾರತಿಯ ಕಥೆ ಕೇಳಿ ಮಾವನವರೇ "ಹೊರನಾಡು ಇನ್ನೊಂದು ಸಲ" ಅಂದುಬಿಟ್ಟರು. ಡಿಸೆಂಬರಿನಲ್ಲಿ ಹೋಗುತ್ತೇವೆ. ಹಗಲು ಹೊರಟು ಸಂಜೆ ತಲುಪಿ, ಮರುದಿನ ಅಕ್ಷರಾಭ್ಯಾಸ. ಕೊನೆಯ ಎರಡು ಪ್ರಶ್ನೆ. ನರಸಿಂಹವನಕ್ಕೆ ಮಾವನವರು ನಡೆಯಬಹುದಾ? ಮಗಳಿಗೆ ಮುಂಚೆಯೇ ಮನೆಯಲ್ಲಿ ಅಕ್ಷರ ಕಲಿಸಬೇಕಾ?

ತುಂಗಾ_ದಡ

ಕಲಿಸಬೇಡಿ ಅಕ್ಕಾ. ಆ ದಿನವೇ ಮೊದಲು. ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಬೆರಳಿನಲ್ಲಿ ಸುಮ್ನೆ ಗೆರೆ ಎಳೆಯುವ ಆಟ ಮನೆಯಲ್ಲಿ ಆಡಿಸಿ, ಅಷ್ಟು ಸಾಕು. ಆ ಹೊತ್ತಿನಲ್ಲಿ ಅಕ್ಕಿ ಹೊಸದು ಅನ್ನಿಸುವುದಿಲ್ಲ.

ನರಸಿಂಹವನಕ್ಕೆ ದೇವಸ್ಥಾನದ ಕಡೆಯಿಂದ ಸೇತುವೆ ದಾಟಿ ಹೋಗಬೇಕು. ಮೊದಲೆಲ್ಲ ದೋಣಿಯೇ ಗತಿ, ಈಗ ಆ ಕಷ್ಟ ಇಲ್ಲ. ಆದರೂ ಬಿಸಿಲೇರಿದ ಮೇಲೆ ಬೇಡ. ಸಂಜೆ 4ರ ಮೇಲೆ ನಿಧಾನವಾಗಿ ನಡೆಯಲಿ, ಮಧ್ಯೆ ನಿಂತು ಹೊಳೆ ನೋಡಲಿ. ಸೇತುವೆಯ ಮೇಲಿನಿಂದಲೂ ದೊಡ್ಡ ದೊಡ್ಡ ಮೀನು ಕಾಣುತ್ತವೆ, ಪುಟ್ಟಿಗೆ ಖುಷಿಯಾಗುತ್ತದೆ. ಆಚೆ ದಡದಲ್ಲಿ ಗುರುನಿವಾಸ, ಹಿಂದಿನ ಗುರುಗಳ ಅಧಿಷ್ಠಾನಗಳು, ಅಂದರೆ ಸಮಾಧಿ ಗುಡಿಗಳು. ಊರಿನ ಗುಡ್ಡದ ಮೇಲಿನ ಮಲಹಾನಿಕರೇಶ್ವರನ (ಶಿವನ) ಗುಡಿಗೆ ಮಾತ್ರ ಮೆಟ್ಟಿಲು ಹತ್ತಬೇಕು. ಅದಕ್ಕೆ ನೀವೂ ಯಜಮಾನರೂ ಹೋಗಿ ಬನ್ನಿ, ಅಲ್ಲಿ ಕಂಬದ ಮೇಲೆ ಮೂಡಿದ ಗಣಪತಿ ಇದ್ದಾನೆ, ಮರೆಯಬೇಡಿ.

ಕಲ್ಲು_ಉಳಿ

ಡಿಸೆಂಬರ್ ಅಂದರೆ ಬೆಳಗ್ಗೆ ಮಂಜು ಇರುತ್ತದೆ, ಮಗುವಿಗೆ ಸ್ವೆಟರ್ ಇರಲಿ. ಧನುರ್ಮಾಸ ಶುರುವಾದ ಮೇಲೆ ಹೋಗುವುದಾದರೆ ರಾಶಿ ಕಂಬಗಳಲ್ಲಿ ಧನುಸ್ಸಿನದು ಯಾವುದು ಅಂತ ಹುಡುಕಿ. ಸಿಗದಿದ್ದರೆ ಅಲ್ಲಿನ ಅರ್ಚಕರನ್ನು ಕೇಳಿ.